ಗಾಜಿನ ಕಡಲಿಗೆ ಸುಣ್ಣದ ತಿಳಿ

ಕಳೆದ ರಾಜ್ಯೋತ್ಸವದ ಸಮಾರಂಭ ಮುಗಿಸಿಕೊಂಡು ನಮ್ಮ ಸಂಘದ ನಾಲ್ಕಾರು ಮಿತ್ರರು ಚಿಂಚವಾಡದ ನಮ್ಮ ಮನೆಗೆ ಚಹಕ್ಕೆ ಬಂದಿದ್ದರು. ಪಡಸಾಲೆಯ ಮೂಲೆಯಲ್ಲಿರುವ ಮೂರಡಿ ಉದ್ದದ ಗಾಜಿನ ತೊಟ್ಟಿಯ ಮುಂದೆ ನಿಂತು ಒಬ್ಬರು, "ಇದಕ್ಕೆ ಸಮುದ್ರದ ನೀರನ್ನು ಮುಂಬಯಿಯಿಂದ ತರಿಸುತ್ತೀರೇನು?" ಎಂದು ಕೇಳಿದರು. ಇಲ್ಲ, ನಳದ ನೀರೇ, ನಾವೂ ನೀವೂ ಕುಡಿಯುವ ಪವನಾ ನದಿಯ ನೀರೇ ಎಂದೆವು. ಅವರು ನಂಬಲಿಲ್ಲ. ನಂಬದವರಲ್ಲಿ ಈ ಪತ್ರಿಕೆಯ ಸಂಪಾದಕರೂ ಒಬ್ಬರಾದುದರಿಂದ, "ಹಾಗಾದರೆ ಬರೆದುಕೊಡಿ" ಎಂಬ ಅಪ್ಪಣೆಯಾಯಿತು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಬಿ.ಎಸ್‌ಸಿ. ಎನಿಸಿಕೊಂಡು, ಆಮೇಲೆ ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳನ್ನೇ ತಿರುವಿದ ನಮಗೆ ಬರೆಯುವುದಕ್ಕೆ ಇದೊಂದೇ ವಿಷಯ ಉಳಿದಿತ್ತೆಂದೂ ಹೇಳಬಹುದು.

ನಮ್ಮ ಊರು ಖಂಡಾಲಾ ಘಾಟಿನ ಮೇಲೆ, ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಕಡಲಿನ ಜೀವಿಗಳನ್ನು ಸಾಕುವುದೆಂದರೆ ಕಡಲನ್ನೇ ತಯಾರಿಸಬೇಕು. ಉಪ್ಪು ಬೆರೆಸಿದರಾಯಿತು ಎಂದು ಯಾರಿಗಾದರೂ ತೋರುವುದು ಸಹಜ. ನಮಗೂ ಹಾಗೆಯೇ ತೋರಿತ್ತು. ಹಾಗಲ್ಲ ಎಂಬುದನ್ನು ಕಂಡುಕೊಳ್ಳಲು ಮನುಷ್ಯನಿಗೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಈ ಕಥೆಯ ಆರಂಭದಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ೧೮೪೬ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕೀ ಎಂಬ ಕಡಲೂರಿಗೆ ಹೋಗಿದ್ದಾಗ ಅಲ್ಲಿನ ಬಂಡೆಗಳ ಮೇಲೆ ಸಣ್ಣ ಕಲ್ಲುಹವಳಗಳನ್ನು ಕಂಡಳು. ಆಕೆಯ ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. ಜೀವಂತ ಹವಳವನ್ನು ಲಂಡನ್ನಿಗೆ ಒಯ್ಯಬೇಕೆಂಬ ಹಟದಿಂದ ಆಕೆ ಅವುಗಳನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಜಾಡಿಯ ಕಡಲನೀರಿನಲ್ಲಿಟ್ಟು ತಂದಳು. ಲಂಡನ್ನಿನಲ್ಲಿ ಕಡಲನೀರು ಎಲ್ಲಿಯದು? ತಂದ ನೀರನ್ನೇ ಕೆಡದಂತೆ ಉಳಿಸಿಕೊಳ್ಳಬೇಕು. ತೆರೆದ ಕಿಟಕಿಯ ಮುಂದೆ ನಿಂತು ದಿನವೂ ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುವುದು ಆಕೆ ಕಂಡುಕೊಂಡ ಉಪಾಯ. ನಮ್ಮ ಹೋಟೆಲಿನವರು ಚಹ ಆರಿಸುವ ಹಾಗೆ. ಹೆಚ್ಚಿನ ದಿನ ಆ ಕೆಲಸ ಮನೆಗೆಲಸದವಳ ಪಾಲಿಗೆ ಬರುತ್ತಿತ್ತಂತೆ. ಮುಂದೆ ಕಡಲ ಸಸ್ಯಗಳನ್ನೂ ನೀರಿಗೆ ಬಿಟ್ಟಳು. ಮೂರು ವರ್ಷ ಹವಳಗಳು ಬದುಕಿದವು. ಗಾಳಿಯೊಡನೆ ನೀರಿನ ಕೊಡುಕೊಳೆ ಇರಬೇಕೆಂಬುದು ಮೊದಲನೆಯ ಪಾಠ.

ಎರಡನೆಯ ಪಾಠ ಹೇಳಿದವರು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನವಿಜ್ಞಾನಿ. ೧೮೫೦ರಲ್ಲಿ ಅವರು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಒಂದು ಪ್ರಬಂಧ ಓದಿದರು. ಒಂದು ತೊಟ್ಟಿಯಲ್ಲಿ ಎರಡು ಹೊಂಬಣ್ಣದ ಮೀನು, ಒಂದು ನೀರುಗಿಡ, ಕೆಲವು ಬಸವನಹುಳು. ಮೀನು ಉಸಿರಾಡಿ ಬಿಟ್ಟ ಇಂಗಾಲಾಮ್ಲವನ್ನು ಗಿಡ ತೆಗೆದುಕೊಂಡು ಆಮ್ಲಜನಕ ಕೊಡುತ್ತದೆ. ಕೊಳೆತ ಎಲೆಯನ್ನು ಬಸವನಹುಳು ತಿನ್ನುತ್ತದೆ. ನೀರು ಬದಲಿಸುವ ಕಾರಣವಿಲ್ಲ. ಈ 'ಸಮತೋಲ'ದ ಕಲ್ಪನೆ ಆ ಕಾಲದವರಿಗೆ ಬಹಳ ಹಿಡಿಸಿತು. ಇದು ಪೂರ್ತಿ ನಿಜವಲ್ಲವೆಂದು ಮುಂದೆ ತಿಳಿಯಿತಾದರೂ, ನೀರು ಎಂಬುದು ಸುಮ್ಮನೆ ತುಂಬಿಟ್ಟ ವಸ್ತುವಲ್ಲ, ಅದರಲ್ಲಿ ಜಮಾ ಖರ್ಚು ನಡೆಯುತ್ತಿರುತ್ತದೆ ಎಂದು ಮೊದಲು ತೋರಿಸಿದ ಕೀರ್ತಿ ವಾರಿಂಗ್ಟನ್ ಅವರದೇ.

೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಎಂಬ ಪುಸ್ತಕ ಹೊರಬಂದು, ಮನೆಮನೆಯಲ್ಲೂ ಗಾಜಿನ ತೊಟ್ಟಿ ಇಡುವ ಹುಚ್ಚು ಹಬ್ಬಿತು. ಕಡಲು ದೂರವಿದ್ದವರು ಏನು ಮಾಡಬೇಕು? ಗಾಸ್ ಅದಕ್ಕೂ ದಾರಿ ಹುಡುಕಿದರು. ಕಡಲನೀರಿನ ಒಂದು ರಾಸಾಯನಿಕ ವಿಶ್ಲೇಷಣೆಯನ್ನು ಎದುರಿಗಿಟ್ಟುಕೊಂಡು ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟಾಸಿಯಂ ಕ್ಲೋರೈಡ್ ಎಂಬ ನಾಲ್ಕೇ ಲವಣಗಳಿಂದ ಕೃತಕ ಕಡಲನೀರು ಮಾಡಿದರು. ವಿಶ್ಲೇಷಣೆಯಲ್ಲಿ ಸುಣ್ಣದ ಲವಣಗಳೂ ಇದ್ದವು. ಆದರೆ ಅವುಗಳ ಪ್ರಮಾಣ ಅತಿ ಸ್ವಲ್ಪ, ನದಿಯ ನೀರಿನಲ್ಲಿ ಹೇಗೂ ಸುಣ್ಣವಿರುತ್ತದೆ ಎಂದು ಅವನ್ನು ಕೈಬಿಟ್ಟರು.

ವಾಚಕರು ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಗಾಸ್ ಅವರ ಲೆಕ್ಕ ಲಂಡನ್ನಿಗೆ ಸರಿಯೇ. ಅಲ್ಲಿನ ನೀರು ಸೀಮೆಸುಣ್ಣದ ಗುಡ್ಡಗಳಿಂದ ಇಳಿದು ಬರುವಂಥದು. ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಗದಗ, ಬಾಗಿಲುಕೋಟೆಯ ಕಡೆಯ ಕೊಳವೆಬಾವಿಯ ನೀರು ಕುಡಿದು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಪಿಂಪ್ರಿ-ಚಿಂಚವಾಡದ ನೀರಿನ ಸಂಗತಿ ಬೇರೆ. ಪವನಾ ಅಣೆಕಟ್ಟಿನಿಂದ ನದಿಗೆ ಬಿಟ್ಟ ನೀರನ್ನು ರಾವೇತಿನಲ್ಲಿ ಎತ್ತಿ, ನಿಗಡಿಯಲ್ಲಿ ಶುದ್ಧೀಕರಿಸಿ ನಮಗೆ ಕೊಡುತ್ತಾರೆ. ಸಹ್ಯಾದ್ರಿಯ ಕರಿಬಂಡೆಯ ಮೇಲೆ ಬಿದ್ದ ಮಳೆಯ ನೀರು ಅದು, ಮೆತ್ತನೆಯದು. ಸಾಬೂನು ಒಂದು ಸಲ ಉಜ್ಜಿದರೆ ಸಾಕು, ಬುರುಗೇ ಬುರುಗು. ಹೆಂಗಸರಿಗೆ ಬಟ್ಟೆ ತೊಳೆಯಲು ಅನುಕೂಲ. ಗಾಸ್ ಅವರ ಸೂತ್ರಕ್ಕೆ ಅನಾನುಕೂಲ.

ಮುಂದೆ ಈ ವಿದ್ಯೆ ಕೆಲಕಾಲ ದೊಡ್ಡ ಮತ್ಸ್ಯಾಲಯಗಳ ಪಾಲಾಯಿತು. ೧೮೭೧ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯಕ್ಕೆ ಬ್ರೈಟನ್ನಿನಿಂದ ರೈಲಿನಲ್ಲಿ ಕಡಲನೀರು ತಂದರು. ಅದನ್ನು ನೆಲದಡಿಯ ಕತ್ತಲೆ ಹೊಂಡಗಳಲ್ಲಿಟ್ಟು ತೊಟ್ಟಿಗಳಿಗೆ ತಿರುಗಿಸುತ್ತಿದ್ದರು. ನಮ್ಮ ದೇಶದಲ್ಲಿ ೧೯೦೯ರಲ್ಲಿ ಮದರಾಸಿನ ಮರೀನಾದಲ್ಲಿ ಮತ್ಸ್ಯಾಲಯ ತೆರೆಯಿತು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯವನ್ನು ೧೯೫೧ರಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಉದ್ಘಾಟಿಸಿದರು. ನಾವು ಚಿಕ್ಕವರಿದ್ದಾಗ ಸೋದರಮಾವನವರ ಕೈಹಿಡಿದುಕೊಂಡು ಅದನ್ನು ನೋಡಿ ಬಂದಿದ್ದೇವೆ. ಮದರಾಸಿನದೂ ಮುಂಬಯಿಯದೂ ಕಡಲ ದಂಡೆಯಲ್ಲೇ ಇದ್ದವು. ನೀರು ಕೆಟ್ಟರೆ ಹೊಸ ನೀರಿಗೆ ಕಡಲೇ ಇದೆ. ಹಾಗಾಗಿ ನೀರನ್ನು ಸರಿದೂಗಿಸುವ ಕಷ್ಟ ಒಳನಾಡಿನವರಿಗೇ ಉಳಿಯಿತು.

ಈ ನಡುವೆ ಕಡಲನೀರಿನ ಲೆಕ್ಕಪತ್ರ ಮಾತ್ರ ಬಹಳ ಚೊಕ್ಕವಾಗಿ ತಯಾರಾಗಿತ್ತು. ೧೮೭೨ರಿಂದ ೧೮೭೬ರವರೆಗೆ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಪ್ರಪಂಚದ ಸಾಗರಗಳನ್ನೆಲ್ಲ ಸುತ್ತಿ ನೀರಿನ ಮಾದರಿಗಳನ್ನು ತಂದಿತು. ಅವುಗಳಲ್ಲಿ ೭೭ನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನವಿಜ್ಞಾನಿ ವಿಶ್ಲೇಷಿಸಿ ೧೮೮೪ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಕಡೆಯ ಕಡಲು ಹೆಚ್ಚು ಉಪ್ಪಾಗಿರಬಹುದು, ಇನ್ನೊಂದು ಕಡೆಯದು ಕಡಿಮೆ. ಆದರೆ ಅದರೊಳಗಿನ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಒಂದು ಕಿಲೋ ಕಡಲನೀರಿನಲ್ಲಿ ಸುಮಾರು ೩೫ ಗ್ರಾಂ ಲವಣ. ಅದರಲ್ಲಿ ಮೆಗ್ನೀಷಿಯಂ ಸುಮಾರು ಒಂದೂಕಾಲು ಗ್ರಾಂ, ಕ್ಯಾಲ್ಸಿಯಂ ೦.೪ ಗ್ರಾಮಿನ ಆಸುಪಾಸು. ಗಾಸ್ ಅವರು ಅತಿ ಸ್ವಲ್ಪವೆಂದು ಬಿಟ್ಟದ್ದು ಈ ೦.೪ ಗ್ರಾಮನ್ನು. ಹವಳ ತನ್ನ ಮನೆಯನ್ನೆಲ್ಲ ಕಟ್ಟಿಕೊಳ್ಳುವುದು ಇದರಿಂದಲೇ.

ಮೂರನೆಯ ಪಾಠ ಹೊಲದಿಂದ, ಚರಂಡಿಯಿಂದ ಬಂತು. ಮೀನಿನ ಮಲಮೂತ್ರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ನೈಟ್ರೇಟಾಗಿ ಮಾರ್ಪಡಿಸುವುದು ಜೀವಾಣುಗಳ ಕೆಲಸವೆಂದು ಫ್ರಾನ್ಸಿನಲ್ಲಿ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ೧೮೭೭ರಲ್ಲಿ ಚರಂಡಿನೀರಿನ ಪ್ರಯೋಗದಿಂದ ತೋರಿಸಿದರು. ವಾರಿಂಗ್ಟನ್ ಅವರ ತೊಟ್ಟಿಯಲ್ಲಿ ಗಿಡ, ಬಸವನಹುಳುಗಳಲ್ಲದೆ ಕಾಣದ ಕೆಲಸಗಾರರೂ ಇದ್ದರೆಂದಾಯಿತು. ಹೊಸ ತೊಟ್ಟಿಗೆ ನೀರು ತುಂಬಿ ನಾಲ್ಕಾರು ವಾರ ಮೀನು ಬಿಡದೆ ಕಾಯಬೇಕೆನ್ನುವುದು ಈ ಜೀವಾಣುಗಳು ಕಲ್ಲು ಮರಳಿನ ಮೇಲೆ ನೆಲೆಯೂರಲಿ ಎಂದು. ಇದನ್ನು ಹೇಳಿದರೆ ಮಕ್ಕಳು ಒಪ್ಪುವುದಿಲ್ಲ. ನಮ್ಮ ಮಗಳು ಖಾಲಿ ನೀರಿನ ಮುಂದೆ ಐದು ವಾರ ಕುಳಿತಳು. ಬಂದವರಿಗೆಲ್ಲ "ಇದು ಅಪ್ಪನ ನೀರು" ಎಂದು ಪರಿಚಯ ಮಾಡಿಕೊಡುತ್ತಿದ್ದಳು.

೧೯೦೯ರಲ್ಲಿ, ಮದರಾಸಿನ ಮತ್ಸ್ಯಾಲಯ ತೆರೆದ ಅದೇ ವರ್ಷ, ಡೆನ್ಮಾರ್ಕಿನ ಸೋರೆನ್‌ಸೆನ್ ಪಿಎಚ್ ಎಂಬ ಅಳತೆಯನ್ನು ಬಳಕೆಗೆ ತಂದರು. ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂಬುದನ್ನು ಒಂದು ಅಂಕಿಯಲ್ಲಿ ಹೇಳುವ ಅನುಕೂಲ ಒದಗಿತು. ಏಳು ನಡುಮಟ್ಟ, ಕಡಲ ಮೇಲ್ಪದರದ ನೀರು ಎಂಟಕ್ಕಿಂತ ಸ್ವಲ್ಪ ಮೇಲೆ. ಹೀಗೆ ಅಳತೆಗಳೆಲ್ಲ ಸಿಕ್ಕರೂ ಹವಳ ಮಾತ್ರ ತೊಟ್ಟಿಯಲ್ಲಿ ನಿಲ್ಲಲಿಲ್ಲ. ಮೀನು ಬದುಕುತ್ತಿತ್ತು, ಹವಳ ಕೆಲವೇ ತಿಂಗಳಲ್ಲಿ ಬಿಳಿಚಿಕೊಂಡು ಸಾಯುತ್ತಿತ್ತು.

ಬೀಗ ತೆರೆದದ್ದು ಎರಡು ಕಡೆಯಿಂದ. ೧೯೬೧ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ತಮ್ಮ ಪದ್ಧತಿಯನ್ನು ಅಮೆರಿಕದ ಒಂದು ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ಯಂತ್ರವೆಂಬುದು ಬಹುಮಟ್ಟಿಗೆ ಇಲ್ಲ. ಕಡಲಿನಿಂದಲೇ ತಂದ, ಜೀವಿಗಳು ತುಂಬಿದ ಹವಳದ ಕಲ್ಲು, ಕಡಲನೀರು, ಬಿಸಿಲು, ಸ್ವಲ್ಪ ಗಾಳಿಗುಳ್ಳೆ. ಅವರ ತೊಟ್ಟಿಯಲ್ಲಿ ಹವಳ ಬದುಕಿತು. ಆದರೆ ಕಡಲು ಅವರ ಮನೆಯ ಹತ್ತಿರವೇ ಇತ್ತು. ಕಡಲಿಲ್ಲದವರಿಗೆ ದಾರಿ ತೋರಿಸಿದ್ದು ಪೀಟರ್ ವಿಲ್ಕೆನ್ಸ್. ೧೯೭೩ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಪುಸ್ತಕ ಒಂದು ಸರಳ ಸಂಗತಿಯನ್ನು ಎತ್ತಿ ಹಿಡಿಯಿತು: ಹವಳ ಬೆಳೆಯುವುದೆಂದರೆ ನೀರಿನಲ್ಲಿರುವ ಸುಣ್ಣವನ್ನು ದಿನದಿನವೂ ತಿನ್ನುವುದು. ತಿಂದದ್ದನ್ನು ತುಂಬಿಕೊಡದಿದ್ದರೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದು ಕಡಲಲ್ಲ. ತುಂಬುವುದು ಹೇಗೆ? ಜರ್ಮನ್ನರು 'ಕಾಲ್ಕ್‌ವಾಸರ್' ಎನ್ನುವ ದ್ರವದಿಂದ. ಹೆಸರು ಕೇಳಿ ಹೆದರಬೇಕಾಗಿಲ್ಲ. ಕಾಲ್ಕ್ ಎಂದರೆ ಸುಣ್ಣ, ವಾಸರ್ ಎಂದರೆ ನೀರು. ನಮ್ಮ ಸುಣ್ಣದ ತಿಳಿಯೇ! ಶಾಲೆಯಲ್ಲಿ ಕೊಳವೆಯಿಂದ ಊದಿ ಹಾಲಿನಂತೆ ಬೆಳ್ಳಗೆ ಮಾಡುತ್ತಿದ್ದೆವಲ್ಲ, ಅದೇ.

ಇದರ ಮರ್ಮ ಇಷ್ಟು. ಹವಳದ ಅಸ್ಥಿಗೆ ಎರಡು ಸಾಮಗ್ರಿ ಬೇಕು: ಕ್ಯಾಲ್ಸಿಯಂ, ಮತ್ತು ಬೈಕಾರ್ಬೊನೇಟು. ಎರಡನೆಯದರ ಅಳತೆಗೇ ಕ್ಷಾರತೆ ಎನ್ನುವುದು. ಬರೀ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮೊದಲನೆಯದು ಏರಿ ಕ್ಲೋರೈಡು ಉಳಿಯುತ್ತದೆ. ಬರೀ ಅಡಿಗೆ ಸೋಡಾ ಹಾಕಿದರೆ ಎರಡನೆಯದು ಏರಿ ಸೋಡಿಯಂ ಉಳಿಯುತ್ತದೆ. ಸುಣ್ಣದ ತಿಳಿಯೋ, ನೀರಿನಲ್ಲಿ ಕರಗಿದ ಇಂಗಾಲಾಮ್ಲವನ್ನು ಹಿಡಿದುಕೊಂಡು ಬೈಕಾರ್ಬೊನೇಟಾಗುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೊಡುತ್ತದೆ. ಅದೂ ಹವಳ ತಿನ್ನುವ ಪ್ರಮಾಣದಲ್ಲಿಯೇ. ಹಿಂದೆ ಏನೂ ಉಳಿಯುವುದಿಲ್ಲ. ಖರ್ಚಿಗೆ ಸರಿಯಾದ ಜಮಾ. ಹೀಗೆ ತಾಳೆಯಾಗುವ ಲೆಕ್ಕವನ್ನು ನಾವು ಕಚೇರಿಯಲ್ಲಿ ಕಂಡದ್ದು ಅಪರೂಪ. ಕ್ಷಾರತೆಯನ್ನು ಹವ್ಯಾಸಿಗಳು ಇಂದಿಗೂ ಜರ್ಮನ್ ಡಿಗ್ರಿಯಲ್ಲಿ ಅಳೆಯುತ್ತಾರೆ; ಆ ಡಿಗ್ರಿಯ ಮೂಲ ಅರ್ಥವೂ ಲೀಟರಿಗೆ ೧೦ ಮಿಲಿಗ್ರಾಂ ಸುಣ್ಣ ಎಂದೇ. ಕಡಲಿನದು ಏಳು ಡಿಗ್ರಿಯ ಆಸುಪಾಸು.

ಇನ್ನು ನಮ್ಮ ಮನೆಯ ಸಂಗತಿ. ತೊಟ್ಟಿಗೆ ಸುಮಾರು ೧೬೦ ಲೀಟರ್ ನೀರು, ಆರು ಕಿಲೋ ತಯಾರಿ ಕಡಲುಪ್ಪು. ನೀರನ್ನು ಮೊದಲು ಆರ್.ಓ. ಯಂತ್ರದಲ್ಲಿ ಹಾಯಿಸುವುದು ಪದ್ಧತಿ. ಒಂದು ಕೊಡ ನೀರು ಬರಬೇಕಾದರೆ ಎರಡು ಮೂರು ಕೊಡ ಮೋರಿಗೆ. ೨೦೧೯ರ ಕೊನೆಗೆ ನಮ್ಮ ನಗರದಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಬಂದಮೇಲೆ ಇದು ಮನೆಯಲ್ಲಿ ಜಗಳದ ವಿಷಯವಾಯಿತು. ಮೋರಿಗೆ ಹೋಗುವ ನೀರನ್ನು ಪಾತ್ರೆ ತೊಳೆಯಲು ಹಿಡಿದಿಡುವ ಕರಾರಿನ ಮೇಲೆ ಒಪ್ಪಂದವಾಗಿದೆ. ಒಳಗೆ ಎರಡು ಕ್ಲೌನ್ ಮೀನು, ಕೆಲವು ಬಸವನಹುಳು, ಮೃದುಹವಳದ ಎರಡು ಗೊಂಚಲು. ಕಲ್ಲಿನ ಮೇಲೆ ಗುಲಾಬಿ ಬಣ್ಣದ ಪೊರೆಯಂತೆ ಹಬ್ಬುವ ಒಂದು ಬಗೆಯ ಪಾಚಿಯೂ ಇದೆ. ಅದಕ್ಕೂ ಬಸವನಹುಳುವಿನ ಚಿಪ್ಪಿಗೂ ಸುಣ್ಣ ಬೇಕು.

ನಾವು ಓದಿದ್ದೇವೆಂಬ ಹಮ್ಮಿನಲ್ಲಿ ಸುಣ್ಣದ ತಿಳಿಯನ್ನು ಮನೆಯಲ್ಲೇ ಮಾಡತೊಡಗಿದೆವು. ಒಂದು ಲೀಟರ್ ನೀರಿನಲ್ಲಿ ಒಂದೂಮುಕ್ಕಾಲು ಗ್ರಾಮಿನಷ್ಟು ಸುಣ್ಣ ಕರಗುತ್ತದೆ; ಉಳಿದದ್ದು ತಳಕ್ಕೆ ಕೂಡುತ್ತದೆ. ತಿಳಿಯ ಪಿಎಚ್ ಹನ್ನೆರಡನ್ನು ದಾಟಿರುತ್ತದೆ. ಆದ್ದರಿಂದ ಅದನ್ನು ರಾತ್ರಿ, ಹನಿಹನಿಯಾಗಿ ಬಿಡಬೇಕು. ಇದೆಲ್ಲ ಗೊತ್ತಿದ್ದೂ, ಮೂರು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ನಾವು ಮಾಡಿದ್ದೇನು? ಇಡೀ ದಿನ ವಿದ್ಯುತ್ತಿರಲಿಲ್ಲ. ಸಂಜೆ ಬಂದು ನೋಡಿದರೆ ತೊಟ್ಟಿಯ ನೀರು ಎರಡು ಬೆರಳು ಇಳಿದಿದೆ. ಅವಸರದಲ್ಲಿ, ತಳದ ಗಸಿ ಸಹ ಕೂಡದ ನಾಲ್ಕು ಲೀಟರ್ ಸುಣ್ಣದ ನೀರನ್ನು ಮಗ್ಗಿನಿಂದ ಎತ್ತಿ ಸುರಿದುಬಿಟ್ಟೆವು. ಅರ್ಧ ಗಂಟೆಯಲ್ಲಿ ತೊಟ್ಟಿ ಮಜ್ಜಿಗೆಯಾಯಿತು. ಪಿಎಚ್ ಒಂಬತ್ತನ್ನು ಮೀರಿತು. ಕ್ಷಾರ ಹೆಚ್ಚಾದಷ್ಟೂ ಅಮೋನಿಯಾದ ವಿಷವೂ ಹೆಚ್ಚು. ಬೆಳಗಾಗುವಷ್ಟರಲ್ಲಿ ಎರಡೂ ಮೀನುಗಳು ಬದಿಗೆ ಬಿದ್ದಿದ್ದವು.

ಮಗಳು ಅಳಲಿಲ್ಲ; ಆ ದಿನ ನಮ್ಮೊಡನೆ ಮಾತನಾಡಲೂ ಇಲ್ಲ. ನಮ್ಮ ತಾಯಿಯವರು ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದವರು, "ಸುಣ್ಣ ಹೆಚ್ಚಾದರ ನಾಲಿಗಿ ಸುಡತದ. ಅಷ್ಟು ಓದೀ ನಿನಗ ಇದು ತಿಳೀಲಿಲ್ಲೇನೋ?" ಎಂದರು. ಉತ್ತರವಿರಲಿಲ್ಲ. ಇಲ್ಲಿನ ಜನ ಮೋಸ ಹೋದವನಿಗೆ ಚುನಾ ಹಚ್ಚಿದರು ಎನ್ನುತ್ತಾರೆ; ನಮಗೆ ನಾವೇ ಹಚ್ಚಿಕೊಂಡಂತಾಗಿತ್ತು.

ಆಮೇಲೆ ಕಲಿತದ್ದು ಎರಡು. ಒಂದು, ಅಳೆಯದೆ ಏನನ್ನೂ ಹಾಕದಿರುವುದು. ಪದವಿಯ ನಂತರ ಕೈಬಿಟ್ಟಿದ್ದ ಅನುಮಾಪನವನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಮತ್ತೆ ಹಿಡಿದೆವು. ಇನ್ನೊಂದು ತಿಳಿಯಲು ತಿಂಗಳುಗಳೇ ಬೇಕಾದವು. ಬೆಳಗಿನ ಪಿಎಚ್ ಯಾವಾಗಲೂ ೭.೯ರ ಮೇಲೆ ಏರುತ್ತಿರಲಿಲ್ಲ. ಸುಣ್ಣ ಕಡಿಮೆಯಾಯಿತೆಂದು ಹೆಚ್ಚಿಸಬೇಕೆನಿಸುತ್ತಿತ್ತು. ಅಳೆದರೆ ಕ್ಷಾರತೆ ಸರಿಯಾಗಿಯೇ ಇದೆ. ಕಾರಣ ನೀರಿನಲ್ಲಿರಲಿಲ್ಲ, ಕೋಣೆಯಲ್ಲಿತ್ತು. ಸೊಳ್ಳೆಯ ಕಾಟಕ್ಕೆ ಕಿಟಕಿಗಳನ್ನೆಲ್ಲ ಮುಚ್ಚಿ ಐದು ಜನ ಮಲಗಿದರೆ ನಮ್ಮ ಉಸಿರಿನ ಇಂಗಾಲಾಮ್ಲವೆಲ್ಲ ತೊಟ್ಟಿಗೆ ಇಳಿಯುತ್ತಿತ್ತು. ಜಾಳಿಗೆ ಹಾಕಿಸಿ ಪಡಸಾಲೆಯ ಕಿಟಕಿ ತೆರೆದಿಟ್ಟ ಮೂರನೆಯ ದಿನ ೮.೧. ಆನಾ ಥಿನ್ ತೆರೆದ ಕಿಟಕಿಯ ಮುಂದೆಯೇ ನಿಂತು ನೀರು ಸುರಿದದ್ದು ಏಕೆಂದು ಆಗ ಅರ್ಥವಾಯಿತು. ಆಕೆಗೆ ಪಿಎಚ್ ಗೊತ್ತಿರಲಿಲ್ಲ.

ನೀರು ಹದಕ್ಕೆ ಬಂದಮೇಲೆ ಬೇರೊಂದು ಆಸೆ ಹುಟ್ಟುವುದುಂಟು. ಕಳೆದ ವರ್ಷ ಒಬ್ಬರು ಬಂದು, "ನೀರು ಇಷ್ಟು ಚೆನ್ನಾಗಿದೆ, ಕಲ್ಲುಹವಳ ಯಾಕೆ ಇಡಬಾರದು? ನೇತ್ರಾಣಿಯ ಕಡೆಯದು ತರಿಸಿಕೊಡುತ್ತೇನೆ" ಎಂದರು. ನೇತ್ರಾಣಿಯೆಂದರೆ ನಮ್ಮ ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ದ್ವೀಪ. ಕರ್ನಾಟಕದ ಕಡಲಿನಲ್ಲಿ ಹವಳ ಇರುವ ಕೆಲವೇ ತಾವುಗಳಲ್ಲಿ ಒಂದು. ಒಂದು ಕ್ಷಣ ಮನಸ್ಸು ತೂಗಾಡಿತೆಂಬುದನ್ನು ಮುಚ್ಚಿಡುವುದಿಲ್ಲ. ನಮ್ಮೂರಿನ ಕಡಲ ಹವಳ ಚಿಂಚವಾಡದ ನಮ್ಮ ಪಡಸಾಲೆಯಲ್ಲಿ! ಆದರೆ ೨೦೦೧ರಲ್ಲಿ ಕಲ್ಲುಹವಳಗಳನ್ನೆಲ್ಲ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟಕ್ಕೆ, ಅಂದರೆ ಹುಲಿ ಇರುವ ಪಟ್ಟಿಗೇ, ಸೇರಿಸಿದ್ದಾರೆ. ಸರ್ಕಾರಿ ನೌಕರನ ಮನೆಯಲ್ಲಿ ಹುಲಿಮರಿ ಸಿಕ್ಕಂತೆ.

ಕಾಯಿದೆಗೆ ಕಾರಣವಿತ್ತು. ಮನ್ನಾರ್ ಕೊಲ್ಲಿಯಲ್ಲಿ, ತೂತ್ತುಕುಡಿ ಮಂಡಪಂ ಕಡೆ, ದಶಕಗಳ ಕಾಲ ಹವಳದ ದಿಬ್ಬಗಳನ್ನು ಮೀಟಿ ಕಿತ್ತು ದೋಣಿಗಳಲ್ಲಿ ತಂದು ಸುಣ್ಣಕ್ಕೆ, ಸಿಮೆಂಟಿಗೆ ಬಳಸಿದರು. ೧೯೮೬ರಲ್ಲಿ ಅಲ್ಲಿ ಕಡಲ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೂ ಅದು ತಟ್ಟನೆ ನಿಲ್ಲಲಿಲ್ಲ. ಗಾಜಿನ ತೊಟ್ಟಿಯಲ್ಲಿ ಒಂದು ಹವಳ ಉಳಿಸಲು ಎಲ್ಲಿಯೋ ಜನ ಸುಣ್ಣವನ್ನು ಹನಿಹನಿಯಾಗಿ ಬಿಡುತ್ತಿದ್ದ ಕಾಲದಲ್ಲೇ ಇಲ್ಲಿ ಹವಳವನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ನಮ್ಮ ಉತ್ತರ ಕನ್ನಡದವರು ಅಘನಾಶಿನಿಯ ಹಿನ್ನೀರಿನಲ್ಲಿ ಸತ್ತ ಚಿಪ್ಪುಗಳನ್ನು ಹೆಕ್ಕಿ ಸುಡುವುದು ಬೇರೆ ಮಾತು. ಅಮ್ಮನವರ ಡಬ್ಬಿಯಲ್ಲಿ ಬಹಳ ಕಾಲ ಇದ್ದದ್ದು ಆ ಚಿಪ್ಪುಸುಣ್ಣವೇ.

ಬಂದವರನ್ನು ಚಹ ಕೊಟ್ಟು ಕಳಿಸಿದೆವು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಮಗಳು ಆಮೇಲೆ, "ಅಪ್ಪಾ, ನೇತ್ರಾಣಿಯಲ್ಲಿ ದಿನಾ ರಾತ್ರಿ ಸುಣ್ಣ ಯಾರು ಹಾಕುತ್ತಾರೆ?" ಎಂದು ಕೇಳಿದಳು. ನದಿಗಳು ಎಂದೆವು. ಮಳೆ ಗಾಳಿಯ ಇಂಗಾಲಾಮ್ಲವನ್ನು ಹೊತ್ತು ಬಂಡೆಯ ಮೇಲೆ ಬೀಳುತ್ತದೆ, ಬಂಡೆ ಚೂರುಚೂರೇ ಕರಗುತ್ತದೆ, ಹೊಳೆಗಳು ಆ ಕ್ಯಾಲ್ಸಿಯಮ್ಮನ್ನೂ ಬೈಕಾರ್ಬೊನೇಟನ್ನೂ ಕಡಲಿಗೆ ಸಾಗಿಸುತ್ತವೆ. ಶರಾವತಿಯೂ ಅದನ್ನೇ ಮಾಡುತ್ತಾಳೆ. ನಮ್ಮ ಪವನೆ ಕೂಡ ಭೀಮೆಯನ್ನು ಸೇರಿ, ಕೃಷ್ಣೆಯ ಜೊತೆಗೂಡಿ, ಪೂರ್ವ ಸಮುದ್ರಕ್ಕೆ ಸ್ವಲ್ಪ ಒಯ್ಯುತ್ತಾಳೆ. "ಹಾಗಾದರೆ ನಮ್ಮ ತೊಟ್ಟಿಗೆ ನದಿ ಇಲ್ಲ, ಅದಕ್ಕೇ ನೀವು" ಎಂದಳು.

ಈಗ ನಮ್ಮಲ್ಲಿರುವ ಮೀನುಗಳು ಎರಡನೆಯ ಜೋಡಿ. ಎರಡು ವರ್ಷ ದಾಟಿದೆ. ರಾತ್ರಿ ಹತ್ತೂವರೆಗೆ ಒಂದೂವರೆ ಲೀಟರ್ ಸುಣ್ಣದ ತಿಳಿಯನ್ನು, ಗಸಿ ಕದಡದಂತೆ ಬಗ್ಗಿಸಿಕೊಂಡು, ಅರ್ಧಕ್ಕರ್ಧ ನೀರು ಬೆರೆಸಿ ಬಾಟಲಿಗೆ ತುಂಬುತ್ತೇವೆ. ಔಷಧದ ಅಂಗಡಿಯಲ್ಲಿ ಸಿಗುವ ಸಲೈನ್ ನಳಿಕೆಯೇ ಹನಿಯ ಸಾಧನ. ಗಾಲಿಯನ್ನು ತಿರುಗಿಸಿ ಎರಡು ಸೆಕೆಂಡಿಗೆ ಮೂರು ಹನಿಗೆ ನಿಲ್ಲಿಸುವ ಕೆಲಸವನ್ನು ನಮ್ಮ ಕೈಗೆ ಬಿಡುವುದಿಲ್ಲ. ಮಗಳೇ ಗಡಿಯಾರ ನೋಡಿಕೊಂಡು ಎಣಿಸುತ್ತಾಳೆ.